ಶಿಮ್ಕೆಂಟ್‌ನಿಂದ ಒತ್ರಾರ್, ತುರ್ಕಿಸ್ತಾನ್: ಒಂದು ದಿನದ ಟೂರ್ ಹೇಗಿತ್ತು

ಕಜಕಸ್ತಾನ್ ಅಂದರೆ ನಮ್ಮವರಿಗೆ ಅಲ್ಮಾಟಿ, ಹಿಮ, ಕೇಬಲ್ ಕಾರ್, ಅಷ್ಟೇ. ನಾವು ನಾಲ್ಕು ಜನ ಅಲ್ಲಿಂದ ರಾತ್ರಿ ರೈಲಿನಲ್ಲಿ ಶಿಮ್ಕೆಂಟ್‌ಗೆ ಹೋಗಿ, ಅಲ್ಲಿನ ಏಜೆನ್ಸಿ ಒಂದರ ಕಾರ್ ಟೂರ್ ಹಿಡಿದೆವು. ತಲೆಗೆ ಸುಮಾರು ಎರಡೂವರೆ ಸಾವಿರ ರೂಪಾಯಿ. ಏಜೆನ್ಸಿ ಹೆಸರು ಬೇಡ, ಬಿಡಿ.

ಎಂಟಕ್ಕೆ ಬರ್ತೀವಿ ಅಂದವರು ಒಂಬತ್ತೂವರೆಗೆ ಬಂದರು. ಹೋಗಲಿ ಅಂದರೆ, ತಡವಾದ ಹೊತ್ತನ್ನೆಲ್ಲ ಒತ್ರಾರ್‌ನಲ್ಲೇ ಕತ್ತರಿಸಿದರು. ನನ್ನ ಸಿಟ್ಟೆಲ್ಲ ಅದಕ್ಕೇ.

ಒತ್ರಾರ್ ಅಂದರೆ ಹಾಳುಬಿದ್ದ ಹಳೇ ಊರು, ನೋಡೋಕೆ ಸುಮ್ನೆ ಒಂದು ದೊಡ್ಡ ಮಣ್ಣಿನ ದಿಬ್ಬ. ಹತ್ತಿದರೆ ಮನೆಗಳ ಇಟ್ಟಿಗೆ ಬುಡಗಳು, ಕಾಲ ಕೆಳಗೆ ಮಡಕೆ ಚೂರು. ಒಂದರ ಮೇಲೆ ನೀಲಿ ಬಣ್ಣ ಇನ್ನೂ ಹೊಳೆಯುತ್ತಿತ್ತು (ನೋಡಿ ಅಲ್ಲೇ ಇಟ್ಟೆ, ನೀವೂ ಜೇಬಿಗೆ ಹಾಕಬೇಡಿ). 1218ರಲ್ಲಿ ಚೆಂಗಿಸ್ ಖಾನ್ ಕಳಿಸಿದ ಸುಮಾರು 450 ವರ್ತಕರನ್ನು ಗೂಢಚಾರರು ಅಂತ ಇಲ್ಲಿನ ಅಧಿಕಾರಿ ಇನಾಲ್ಚುಕ್ ಹಿಡಿಸಿದ. ಅವರನ್ನು ಕೊಂದು ಸರಕೆಲ್ಲ ನುಂಗಿದರು. ಮುಂದಿನ ವರ್ಷ ಮಂಗೋಲರು ಬಂದು ಸುಮಾರು ಐದು ತಿಂಗಳು ಮುತ್ತಿಗೆ ಹಾಕಿ ಊರನ್ನು ಹಾಳುಮಾಡಿದರು, ಆಮೇಲೆ ಒತ್ರಾರ್ ಸೇರಿದ್ದ ಇಡೀ ಖ್ವಾರಜಂ ರಾಜ್ಯವೇ ಹೋಯಿತು. ಊರು ಮತ್ತೆ ಎದ್ದಿತು. 1398ರಲ್ಲಿ ದೆಹಲಿಯನ್ನು ದೋಚಿದ ತೈಮೂರ್ ಇದ್ದಾನಲ್ಲ, ಚೀನಾ ಮೇಲೆ ದಂಡೆತ್ತಿ ಹೊರಟವನು 1405ರಲ್ಲಿ ಸತ್ತಿದ್ದೂ ಇಲ್ಲೇ! ಇಂಥ ಜಾಗಕ್ಕೆ ನಮಗೆ ಸಿಕ್ಕಿದ್ದು 35 ನಿಮಿಷ. ಅದೇ ದಾರಿಯ ಗಿಫ್ಟ್ ಅಂಗಡಿಯಲ್ಲಿ ಪೂರ್ತಿ ಒಂದು ಗಂಟೆ ಕೂರಿಸಿದರು.

ಊಟ ಸಾಧಾರಣ. ವೆಜ್ ಅಂತ ಮೊದಲೇ ಹೇಳಿದ್ದರೂ ಬಂದಿದ್ದು ಕುದುರೆ ಮಾಂಸದ ಬೆಶ್ಬರ್ಮಾಕ್. ನಾನು ರೊಟ್ಟಿ, ಟೊಮೆಟೊ-ಸೌತೆಕಾಯಿ ತಿಂದುಕೊಂಡೆ. ಒಂಟೆ ಹಾಲಿನ ಶುಬಾತ್ ಒಂದು ಗುಟುಕು ಕುಡಿದೆ, ಹುಳಿ ಮಜ್ಜಿಗೆಗಿಂತ ಖಡಕ್.

ತುರ್ಕಿಸ್ತಾನ್ ಊರಿನಲ್ಲಿ ಮಾತ್ರ ದುಡ್ಡು ವಸೂಲ್. ಸೂಫಿ ಸಂತ ಖೋಜಾ ಅಹ್ಮದ್ ಯಸವಿಯ ಸಮಾಧಿ ಕಟ್ಟಿಸಿದ್ದು ಇದೇ ತೈಮೂರ್. ಅವನು ಸತ್ತಿದ್ದೇ ಕೆಲಸ ನಿಂತಿತು. ಹಿಂದೆಲ್ಲ ನೀಲಿ ಹೆಂಚು, ಮುಂದಿನ ಬಾಗಿಲ ಗೋಡೆ ಮಾತ್ರ ಬೋಳು ಇಟ್ಟಿಗೆ, ಅದರಲ್ಲಿ ಸಾರ್ವೆಯ ಮರದ ತೊಲೆಗಳು ಇವತ್ತಿಗೂ ಚಾಚಿಕೊಂಡಿವೆ. ಒಳಗೆ ಎರಡು ಟನ್ ತೂಕದ ಕೊಪ್ಪರಿಗೆ ಇದೆ. 1935ರಲ್ಲಿ ಸೋವಿಯತ್ ಸರ್ಕಾರ ಅದನ್ನು ಲೆನಿನ್‌ಗ್ರಾಡ್‌ನ ಹರ್ಮಿಟಾಜ್ ಮ್ಯೂಸಿಯಂಗೆ ಸಾಗಿಸಿತ್ತು, ವಾಪಸ್ ಬಂದಿದ್ದು 1989ರಲ್ಲಿ.

ಗೈಡ್ ಹುಡುಗಿ ಚೆನ್ನಾಗಿ ಓದಿಕೊಂಡಿದ್ದಳು, ಆದರೆ ಇಸವಿಗಳನ್ನು ಮಗ್ಗಿ ಥರ ಒಪ್ಪಿಸುತ್ತಿದ್ದಳು. ಡ್ರೈವರ್ ಅಜ್ಜನೇ ವಾಸಿ. ವಾಪಸ್ ಬರುವಾಗ ಅವರು ತಮ್ಮ ತಾತನ ಕುರಿಗಳನ್ನು ಸೋವಿಯತ್‌ನವರು ಎಣಿಸಿ ಹೊಡೆದುಕೊಂಡು ಹೋದ ಕತೆ ಹೇಳಿದರು, ಅವಳು ಅನುವಾದ ಮಾಡಿದಳು. ಹೀಗೆ ಕುರಿ-ದನ ಕಿತ್ತುಕೊಂಡಿದ್ದರಿಂದ ಕಜಕಸ್ತಾನದಲ್ಲಿ ಬಿದ್ದ 1930ರಿಂದ 33ರ ಬರಗಾಲದಲ್ಲಿ ಸುಮಾರು 15 ಲಕ್ಷ ಜನ ಸತ್ತರು. ಟೂರ್‌ನ ಪಟ್ಟಿಯಲ್ಲಿ ಇದರ ಮಾತೇ ಇರಲಿಲ್ಲ. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಐದಕ್ಕೆ ಮೂರು ಕೊಡ್ತೀನಿ. ಬುಕ್ ಮಾಡುವಾಗಲೇ ಒತ್ರಾರ್‌ಗೆ ಎರಡು ಗಂಟೆ ಅಂತ ಬರೆಸಿಕೊಳ್ಳಿ, ಅಂಗಡಿ ಬೇಡ ಅನ್ನಿ. ಟೋಪಿ, ನೀರು ಜೊತೆಗಿರಲಿ, ದಿಬ್ಬದ ಮೇಲೆ ಒಂದು ಮರದ ನೆರಳೂ ಇಲ್ಲ.