ಇಳಿಯಲು ಕುದುರೆಮುಖ, ಹತ್ತಲು ಆಗುಂಬೆ: ಮಲೆನಾಡು ಸುತ್ತಿಗೆ ಯಾವ ಘಾಟಿ?

ಬೆಂಗಳೂರಿಂದ ಕಾರಿನಲ್ಲಿ ಹೊರಟು ಚಿಕ್ಕಮಗಳೂರು, ಕಳಸ, ಕಾರ್ಕಳ, ಹೆಬ್ರಿ, ತೀರ್ಥಹಳ್ಳಿ ನೋಡಿಕೊಂಡು ಬರಲು ನಾಲ್ಕು ದಿನ ಬೇಕು. ಈ ಸುತ್ತಿನಲ್ಲಿ ಘಟ್ಟವನ್ನು ಒಮ್ಮೆ ಇಳಿಯಬೇಕು, ಒಮ್ಮೆ ಹತ್ತಬೇಕು. ರೂಮ್ ಬುಕ್ ಮಾಡುವ ಮೊದಲೇ ಘಾಟಿ ಯಾವುದೆಂದು ತೀರ್ಮಾನಿಸಿ, ಏಕೆಂದರೆ ಎಲ್ಲಿ ಎಷ್ಟು ಹೊತ್ತಿಗೆ ಇರಬೇಕೆಂಬುದನ್ನು ಘಾಟಿಯೇ ಹೇಳುತ್ತದೆ. ಶಿರಾಡಿಯನ್ನು ಇಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಲಾರಿ, ಟ್ಯಾಂಕರ್‌ಗಳ ಹಿಂದೆ ತೆವಳುವ ಆ ಹೆದ್ದಾರಿ ಮಂಗಳೂರು ಮುಟ್ಟುವ ಅವಸರದವರಿಗೆ ಸರಿ, ಸುತ್ತಾಡಲು ಹೊರಟವರಿಗಲ್ಲ.

ಇಳಿಯಲು ನಮ್ಮ ಆಯ್ಕೆ ಕಳಸ–ಕುದುರೆಮುಖ–ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ)–ಮಾಳ–ಬಜಗೋಳಿ ರಸ್ತೆ. ತಿರುವುಗಳು ಬಹಳ, ಆದರೆ ಇಳಿಜಾರು ದೂರಕ್ಕೆ ಹರಡಿಕೊಂಡಿರುವುದರಿಂದ ಬ್ರೇಕಿನ ಮೇಲೆ ಒಮ್ಮೆಲೇ ಭಾರ ಬೀಳುವುದಿಲ್ಲ. ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಸದಾ ಹಸಿರು ಕಾಡು), ಹುಲ್ಲುಗಾವಲು ಎರಡೂ ರಸ್ತೆಯಿಂದಲೇ ಕಾಣುತ್ತವೆ. ತೊಡಕಿರುವುದು ಗೇಟಿನಲ್ಲಿ. ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವುದರಿಂದ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. ಒಳಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ, ಆಚೆ ಗೇಟಿಗೆ ಗಡುವಿನೊಳಗೆ ಮುಟ್ಟದಿದ್ದರೆ ದಂಡ. ಹಾಗಾಗಿ ಹಿಂದಿನ ರಾತ್ರಿ ಕಳಸದಲ್ಲೇ ಉಳಿದು, ಟ್ಯಾಂಕ್ ತುಂಬಿಸಿ, ತಿಂಡಿ ಮುಗಿಸಿ ಬೆಳಗ್ಗೆ 8ರೊಳಗೆ ಹೊರಡಿ. ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತ ಮೇಲೆ ಕುದುರೆಮುಖ ಟೌನ್‌ಶಿಪ್ ಬಹುಪಾಲು ಖಾಲಿಯಾಗಿದೆ. ಅಲ್ಲಿ ಊಟವನ್ನಾಗಲಿ ಪಂಕ್ಚರ್ ಅಂಗಡಿಯನ್ನಾಗಲಿ ನೆಚ್ಚಿಕೊಳ್ಳಬೇಡಿ. ಸ್ಟೆಪ್ನಿಯ ಗಾಳಿಯನ್ನು ಕಳಸದಲ್ಲೇ ನೋಡಿಸಿ. ಮೊಬೈಲ್ ಸಿಗ್ನಲ್ ನಡುನಡುವೆ ಪೂರ್ತಿ ಹೋಗುತ್ತದೆ, ನಕ್ಷೆ ಮೊದಲೇ ಡೌನ್‌ಲೋಡ್ ಆಗಿರಲಿ.

ಆಗುಂಬೆಯ ಸ್ವಭಾವವೇ ಬೇರೆ. ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವುಗಳು ಒಂದರ ಮೇಲೊಂದು ಬರುತ್ತವೆ. ಇದನ್ನು ಇಳಿಯುವುದಕ್ಕಿಂತ ಹತ್ತುವುದು ಎಷ್ಟೋ ವಾಸಿ. ಇಳಿಯುವಾಗ ಬ್ರೇಕ್ ಒತ್ತಿಹಿಡಿದೇ ಬಂದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಹಳೆಯ ಬ್ರೇಕ್ ಆಯಿಲ್‌ನಲ್ಲಿ ನೀರಿನಂಶ ಸೇರಿದ್ದರೆ ಅದು ಕುದಿದು ಪೆಡಲ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದ ಮೇಲೆ ಎಚ್ಚೆತ್ತುಕೊಂಡರೆ ಗಾಡಿ ನಿಲ್ಲಿಸಲು ಅಗಲವಾದ ಜಾಗವೂ ಬೇಗ ಸಿಗದು. ಇಳಿಯಲೇಬೇಕಾದರೆ ಮೇಲಿನಿಂದಲೇ ಎರಡನೇ ಗೇರ್ ಹಾಕಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ. ಕಾದ ಡಿಸ್ಕ್‌ಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ಹತ್ತುವವರಿಗೆ ಇನ್ನೊಂದು ಅನುಕೂಲ: ಇಕ್ಕಟ್ಟಾದ ಏರು ರಸ್ತೆಯಲ್ಲಿ ಇಳಿಯುವ ವಾಹನವೇ ನಿಂತು ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಆದರೂ ಬಸ್ ಬಂದರೆ ಇಡೀ ತಿರುವು ಅದಕ್ಕೇ ಬೇಕಾಗುತ್ತದೆ. ತಿರುವಿನೊಳಗೆ ಮೂಗು ತೂರಿಸದೆ, ಹಾರ್ನ್ ಹೊಡೆದು, ಕೆಳಗೇ ನಿಂತು ಕಾಯಿರಿ. ಆರು ಜನ, ಲಗೇಜು ತುಂಬಿದ ಕಾರಾದರೆ ಎ.ಸಿ. ಆರಿಸಿ, ತಿರುವಿಗೆ ಮೊದಲೇ ಒಂದನೇ ಗೇರಿಗೆ ಬನ್ನಿ. ತಿರುವಿನ ಮಧ್ಯೆ ಗೇರ್ ಬದಲಿಸಲು ಹೋದರೆ ಎಂಜಿನ್ ಆಫ್ ಆಗಿ ಗಾಡಿ ಹಿಂದಕ್ಕೆ ಜಾರುತ್ತದೆ. ಡಿಸೆಂಬರ್–ಜನವರಿಯಲ್ಲಿ ಹೆಬ್ರಿಯನ್ನು ಸಂಜೆ 4.30ಕ್ಕೆ ಬಿಟ್ಟರೆ ಸೂರ್ಯಾಸ್ತದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದು. ಕುದುರೆಮುಖ ಬೆಳಗ್ಗೆಯ ದಾರಿ, ಆಗುಂಬೆ ಸಂಜೆಯ ದಾರಿ, ಆದ್ದರಿಂದಲೇ ಎರಡೂ ಚೆನ್ನಾಗಿ ಹೊಂದುತ್ತವೆ. ನಡುವೆ ಕಾರ್ಕಳದಲ್ಲಿ 1432ರ ಗೊಮ್ಮಟ, ಹೆಬ್ರಿ ದಾರಿಯಲ್ಲಿ ವರಂಗದ ಕೆರೆ ಬಸದಿ. ಬಸದಿಗೆ ದೋಣಿಯಲ್ಲೇ ಹೋಗಬೇಕು, ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ.

ಚಾರ್ಮಾಡಿ ಘಾಟಿಯ ಸ್ವಭಾವ ಈ ಎರಡರ ನಡುವಿನದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿದರೆ ಉಜಿರೆ, ಧರ್ಮಸ್ಥಳಕ್ಕೆ ನೇರ ದಾರಿ. ಧರ್ಮಸ್ಥಳ ನಿಮ್ಮ ಪಟ್ಟಿಯಲ್ಲಿದ್ದರೆ ಇದನ್ನೇ ಹಿಡಿಯಿರಿ. ಇಲ್ಲದಿದ್ದರೆ ಬೇಡ, ಕಳಸದ ದಾರಿಯ ಕಾಡು ಇಲ್ಲಿ ಸಿಗದು. ಮಳೆಗಾಲದಲ್ಲಿ ಝರಿಗಳು ರಸ್ತೆಗೇ ಧುಮುಕುತ್ತವೆ. ನೋಡಲು ಚೆಂದ, ಆದರೆ ಮಂಜಿನಲ್ಲಿ ತಿರುವಿನ ಪಕ್ಕ ನಿಲ್ಲಿಸಿದ ಕಾರು ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ. 2019ರ ಆಗಸ್ಟ್‌ನಲ್ಲಿ ಈ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಘಾಟಿಗಾದರೂ ಹೊರಡುವ ದಿನ ಬೆಳಗ್ಗೆ ಜಿಲ್ಲಾಡಳಿತದ ಆದೇಶ ನೋಡಿಯೇ ಹೊರಡಿ. ಮಂಜಿಗೆ ಹೈಬೀಮ್ ಬೇಡ, ಬೆಳಕು ಕಣ್ಣಿಗೇ ತಿರುಗಿ ಬಡಿಯುತ್ತದೆ. ಲೋಬೀಮ್, ಫಾಗ್ ಲ್ಯಾಂಪ್ ಸಾಕು. ಕಾಡಂಚಿನಲ್ಲಿ ಇಳಿದು ನಡೆಯುವುದಾದರೆ ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಆಗುಂಬೆ ಮುಚ್ಚಿದ್ದರೆ ಬಜಗೋಳಿ, ಮಾಳದ ಮೇಲೆ ಎಸ್.ಕೆ. ಬಾರ್ಡರ್‌ಗೆ ಹತ್ತಿ, ಅಲ್ಲಿಂದ ಕೆರೆಕಟ್ಟೆ ಮೂಲಕ ಶೃಂಗೇರಿಗೆ ಹೋಗಿ. ಅದೂ ಉದ್ಯಾನದೊಳಗಿನ ದಾರಿಯೇ, ಮಧ್ಯಾಹ್ನ 3ರೊಳಗೆ ಕಾರ್ಕಳ ಬಿಟ್ಟಿರಬೇಕು.