ಹಿನ್ನೀರಿಗೆ ಹಳೆಯ ಮೋಟಾರ್ ದೋಣಿ: 14 ಅಡಿಯೋ, 21 ಅಡಿಯೋ?

ತುಂಗಭದ್ರಾ ಹಿನ್ನೀರಿನ ಕೊಪ್ಪಳ ದಂಡೆಯಲ್ಲಿ ಹರಿಗೋಲಿನವರು ಹಿಡಿದ ಕಾಟ್ಲಾ, ರೋಹು ಮೀನುಗಳನ್ನು ದಡಕ್ಕೆ ಸಾಗಿಸುವುದು ನಮ್ಮ ಕೆಲಸ. ನನ್ನದು 14 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಎಂಜಿನ್. ಭಾವನವರದು 21 ಅಡಿ, 40 ಎಚ್‌ಪಿ. ಎರಡೂ ಕರಾವಳಿಯಿಂದ ಲಾರಿಯಲ್ಲಿ ಬಂದ ಹಳೆಯ ಮಾಲು. ವರ್ಷಗಳಿಂದ ಎರಡನ್ನೂ ಓಡಿಸಿದ್ದೇನೆ. ಮತ್ತೆ ಕೊಳ್ಳುವುದಾದರೂ ಚಿಕ್ಕದನ್ನೇ ಕೊಳ್ಳುತ್ತೇನೆ.

ಜಲಾಶಯ ತುಂಬಿ ನೀರು ಸಮುದ್ರಮಟ್ಟದಿಂದ 1633 ಅಡಿ ಮುಟ್ಟಿದಾಗ ಯಾವ ದೋಣಿಯಾದರೂ ಸೊಗಸೇ. ಬೇಸಿಗೆ ಬಂತೆಂದರೆ ದಂಡೆ ದೂರ ಸರಿಯುತ್ತದೆ. ದೋಣಿ ಕಟ್ಟಿದ ಗೂಟಕ್ಕೂ ನೀರಿಗೂ ನಡುವೆ ಮೊಣಕಾಲುದ್ದದ ಕೆಸರು. ನನ್ನ ಎಂಜಿನ್ ನಲವತ್ತು ಕಿಲೋ ಒಳಗಿದೆ, ಕಳಚಿ ಹೆಗಲ ಮೇಲೆ ಹೊರುತ್ತೇನೆ. ದೋಣಿಯನ್ನು ನಾಲ್ವರು ಸೇರಿ ಎಳೆಯುತ್ತೇವೆ. ಭಾವನವರ ದೋಣಿಗೆ ಟ್ರ್ಯಾಕ್ಟರ್ ಬೇಕು, ಅದನ್ನು ಕೆಸರಿಗೆ ಇಳಿಸಲು ಒಪ್ಪುವ ಚಾಲಕನೂ ಬೇಕು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಗಿ, ತುಂಬಿದ್ದ ನೀರನ್ನು ನದಿಗೆ ಬಿಡಬೇಕಾದಾಗ ಮಳೆಗಾಲದಲ್ಲೇ ನಮಗೆ ಬೇಸಿಗೆಯ ಪಾಡು ಬಂತು. ನೀರು ಇಳಿದಂತೆಲ್ಲ ನಾವು ಚಿಕ್ಕದನ್ನು ಎಳೆದುಕೊಂಡು ಹೋದೆವು. ದೊಡ್ಡದು ಕೂತಲ್ಲೇ ಕೂತಿತು, ನೀರು ಮತ್ತೆ ಏರುವವರೆಗೆ.

ಪೆಟ್ರೋಲ್ ಲೆಕ್ಕ ಇನ್ನೂ ಸರಳ. ಎರಡೂ ಟೂ-ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಪೂರ್ತಿ ವೇಗದಲ್ಲಿ ನನ್ನದು ಗಂಟೆಗೆ ನಾಲ್ಕೈದು ಲೀಟರ್ ಕುಡಿದರೆ ಅದು ಹದಿನೈದು ದಾಟುತ್ತದೆ. ಮೀನು ಕಡಿಮೆ ಬಿದ್ದ ದಿನ ಲಾಭವೆಲ್ಲ ಟ್ಯಾಂಕಿಗೇ ಹೋಗುತ್ತದೆ.

ಆದರೆ ಆಷಾಢದ ಗಾಳಿಯಲ್ಲಿ ದೊಡ್ಡದಕ್ಕೆ ಸಾಟಿಯಿಲ್ಲ. ಹಿನ್ನೀರಿನ ಅಲೆ ಎತ್ತರವಲ್ಲ, ಒತ್ತೊತ್ತಾಗಿ ಬರುತ್ತದೆ. ಚಿಕ್ಕ ದೋಣಿ ಪ್ರತಿ ಅಲೆಗೂ ಮೂಗು ಬಡಿಯುತ್ತದೆ, ಮೈಯೆಲ್ಲ ನೀರು. ಅಂಥ ಮಧ್ಯಾಹ್ನಗಳಲ್ಲಿ ನಾನು ಹೊರಡುವುದೇ ಇಲ್ಲ. ಜನರನ್ನು ಸಾಗಿಸುವವರಿಗೆ ದೊಡ್ಡದೇ ಸರಿ, ಲೈಫ್ ಜಾಕೆಟ್ ಸಮೇತ.

ಹಳೆಯದನ್ನು ಕೊಳ್ಳುವಾಗ ಬಣ್ಣ ನೋಡಬೇಡಿ. ಎಂಜಿನ್ ಕಚ್ಚಿಸುವ ಹಿಂಬದಿಯ ಹಲಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ; ಟಣ್ ಎನ್ನದೆ ಮಂಕಾಗಿ ಸದ್ದು ಬಂದರೆ ಫೈಬರ್ ಒಳಗಿನ ಪ್ಲೈವುಡ್ ನೀರು ಕುಡಿದಿರಬಹುದು. ಎಂಜಿನ್ನಿನ ನೀರಿಗಿಳಿಯುವ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಲಗೆ ಬಾಗಿದರೆ ವಾಪಸ್ ಬನ್ನಿ. ಸಮುದ್ರದಲ್ಲಿ ದುಡಿದ ಎಂಜಿನ್ ಆದರೆ ಅದನ್ನು ತಂಪಾಗಿಸುವ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ, ಬಿಚ್ಚಿಸಿ ನೋಡಿ. ನಮ್ಮ ಹೂಳುನೀರು ಆ ನೀರು ಎಳೆಯುವ ಪಂಪಿನ ರಬ್ಬರ್ ಚಕ್ರವನ್ನು (ಇಂಪೆಲ್ಲರ್) ಬೇಗ ಸವೆಸುತ್ತದೆ. ಎಂಜಿನ್ ತಂಪಾಗಿಸಿ ಹಿಂದೆ ಚಿಮ್ಮುವ ನೀರಿನ ಸಣ್ಣ ಧಾರೆ ತೆಳುವಾದ ದಿನವೇ ಬದಲಿಸುತ್ತೇನೆ. ನೋಂದಣಿ ಕಾಗದವನ್ನೂ ಕೇಳಿ. ಒಳನಾಡಿನ ಯಾಂತ್ರಿಕ ದೋಣಿಗಳಿಗೆ 2021ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ.

ಭಾವ ಈಗ 40ರ ಎಂಜಿನ್ ಮಾರಿ 15ರದನ್ನು ಹಾಕುವ ಯೋಚನೆಯಲ್ಲಿದ್ದಾರೆ. ತುಂಬಿದ 21 ಅಡಿ ದೋಣಿಯನ್ನು ಅದು ಗಾಳಿಗೆ ಎದುರಾಗಿ ಎಳೆಯಲಾರದು ಎಂದು ಹೇಳಿದ್ದೇನೆ, ಕೇಳಿಸಿಕೊಂಡಂತೆ ಕಾಣಲಿಲ್ಲ.