ಫಾರಂ, ಕಾಲ್, ರೆಕಾರ್ಡಿಂಗ್, ಸ್ಟೂಲ್: ರಿಪೋರ್ಟ್ ಸಾಫ್ಟ್‌ವೇರ್ ತಿದ್ದಲು ನಾವು ಮಾಡಿ ನೋಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸ್ಟೂಲಿಗೆ. ಅಂದರೆ ಅಕೌಂಟೆಂಟ್ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಅವರು ಕೆಲಸ ಮಾಡುವುದನ್ನು ನೋಡುತ್ತಾ ಕೂರುವುದು. ಉಳಿದ ಮೂರಕ್ಕೆ ಸಾಕಷ್ಟು ದುಡ್ಡು, ಸಮಯ ಕಳೆದ ಮೇಲೆ ಬಂದ ಬುದ್ಧಿ ಇದು. ಹಾಗಾಗಿ ಪಕ್ಷಪಾತ ಇದೆ ಅಂದುಕೊಂಡೇ ಓದಿ.

ನಮ್ಮದು ಒಂಬತ್ತು ಜನರ ಪುಟ್ಟ ಕಂಪನಿ. ಬೆಂಗಳೂರಿನ ಸಣ್ಣ ಫ್ಯಾಕ್ಟರಿಗಳು, ಹೋಲ್‌ಸೇಲ್ ಅಂಗಡಿಗಳು ಬರೆದಿಟ್ಟ ಲೆಕ್ಕವನ್ನು ಎತ್ತಿಕೊಂಡು ಮಾಲೀಕರಿಗೆ, ಬ್ಯಾಂಕಿಗೆ, ಆಡಿಟರಿಗೆ ಬೇಕಾದ ರಿಪೋರ್ಟ್ ತೆಗೆದುಕೊಡುವ ಸಾಫ್ಟ್‌ವೇರ್ ಮಾಡುತ್ತೇವೆ. ಎಲ್ಲಾ ಖಾತೆಗಳ ಬಾಕಿ ಒಂದೇ ಕಡೆ ತೋರಿಸುವ ಟ್ರಯಲ್ ಬ್ಯಾಲೆನ್ಸ್, ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್, ಯಾರದ್ದು ಎಷ್ಟು ದಿನದಿಂದ ಬಾಕಿ ಇದೆ ಎಂದು ತೋರಿಸುವ ಏಜಿಂಗ್ ರಿಪೋರ್ಟ್, ಇಂಥವು. ಸ್ಕ್ರೀನ್‌ಗಳು ತೀರಾ ಹಳತಾಗಿದ್ದವು, ಹೊಸದಾಗಿ ಮಾಡೋಣ ಎಂದು ಕೂತೆವು. ಬಳಸುವವರನ್ನು ಕೇಳಿಯೇ ಮಾಡೋಣ ಎಂದೂ ತೀರ್ಮಾನ ಆಯಿತು. ಎಡವಿದ್ದು ಹೇಗೆ ಕೇಳುವುದು ಅನ್ನುವಲ್ಲಿ.

ಗೂಗಲ್ ಫಾರಂ ಅಗ್ಗದ ದಾರಿ. ಒಂದು ಮಧ್ಯಾಹ್ನ ಸಾಕು. ವಾಟ್ಸಾಪ್‌ನಲ್ಲಿ 60 ಜನರಿಗೆ ಕಳಿಸಿದೆವು, 23 ಉತ್ತರ ಬಂತು. ಅದರಲ್ಲಿ ಎಸ್‌ಯುಎಸ್ ಪ್ರಶ್ನೆಗಳನ್ನೂ ಸೇರಿಸಿದ್ದೆವು. ಇದು ಜಾನ್ ಬ್ರೂಕ್ ಎಂಬುವರು 1986ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ. ಸಾಫ್ಟ್‌ವೇರ್ ಬಳಸೋಕೆ ಎಷ್ಟು ಸಲೀಸು ಎಂದು ನೂರಕ್ಕೆ ಅಂಕ ಕೊಡುತ್ತದೆ, 68 ಬಂದರೆ ಸರಾಸರಿ ಅಂತಾರೆ. ನಮಗೆ 74 ಬಂತು. ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದ್ದೂ ಆಯಿತು. ಮಾರನೇ ದಿನ ಕೂತಾಗ ಗೊತ್ತಾಯಿತು, 74 ಇಟ್ಟುಕೊಂಡು ಯಾವ ಸ್ಕ್ರೀನ್ ತಿದ್ದುವುದು? ಸಲಹೆ ಬರೆಯಲು ಬಿಟ್ಟ ಜಾಗದಲ್ಲಿ ಹೆಚ್ಚಿನವರು ಬರೆದದ್ದು ‘ಚೆನ್ನಾಗಿದೆ’. ಎಕ್ಸೆಲ್‌ಗೆ ಇಳಿಸಿಕೊಳ್ಳುವುದು ಹೇಗಿದೆ ಎಂದರೆ ಐದಕ್ಕೆ ನಾಲ್ಕು ಕೊಟ್ಟಿದ್ದರು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ.

ವಿಡಿಯೋ ಕಾಲ್ ಎರಡನೆಯದು. ಐದು ಜನರ ಮೇಲೆ ಪರೀಕ್ಷೆ ಮಾಡಿದರೆ ತೊಂದರೆಗಳಲ್ಲಿ ಹೆಚ್ಚಿನ ಪಾಲು ಸಿಕ್ಕಿಬಿಡುತ್ತದೆ ಎಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು ಈ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇದೆ. ನಾವೂ ಅದನ್ನೇ ಹಿಡಿದು ಆರು ಜನರನ್ನು ಕೂರಿಸಿದೆವು, ತಲಾ 500 ರೂಪಾಯಿ ವೋಚರ್. ಬೇರೆ ಬೇರೆ ಥರದ ಬಳಕೆದಾರರಿದ್ದರೆ ಪ್ರತಿ ಗುಂಪಿಗೂ ಬೇರೆಯಾಗಿ ಜನ ಬೇಕು ಎಂದೂ ಅವರೇ ಹೇಳಿದ್ದಾರೆ, ಅದನ್ನು ನಾವು ಓದಿರಲಿಲ್ಲ. ಇಬ್ಬರು ಮಾಲೀಕರು, ಇಬ್ಬರು ಅಕೌಂಟೆಂಟ್, ಇಬ್ಬರು ಆಡಿಟರ್ ಕಡೆಯವರು, ಒಟ್ಟಿನಲ್ಲಿ ಚಿತ್ರಾನ್ನ. ಅಕೌಂಟೆಂಟ್ ಜೊತೆ ಮಾತು ಶುರುವಾದರೆ ಪಕ್ಕದಿಂದ ಮಾಲೀಕರೇ ಉತ್ತರ ಕೊಡುತ್ತಾರೆ, ‘ನಮ್ಮ ಮೇಡಂಗೆ ಎಲ್ಲಾ ಸಲೀಸು ಸರ್.’ ಮೇಡಂ ಕ್ಯಾಮೆರಾ ಕಡೆ ನೋಡಿ ನಗುತ್ತಾರೆ. ಮತ್ತೆ ನಾವು ತೋರಿಸಿದ್ದು ನಾವೇ ತುಂಬಿಸಿದ ಸುಳ್ಳು ಲೆಕ್ಕ, ಒಂದೂ ಸಸ್ಪೆನ್ಸ್ ಖಾತೆ (ಎಲ್ಲಿಗೆ ಸೇರಿಸಬೇಕೆಂದು ಗೊತ್ತಾಗದ ಮೊತ್ತ ಹಾಕಿಡುವ ಖಾತೆ) ಇಲ್ಲದ, ಒಂದೇ ಪಾರ್ಟಿಗೆ, ಅಂದರೆ ವ್ಯವಹಾರ ಇರುವ ಗಿರಾಕಿಗೋ ಸಪ್ಲೈಯರಿಗೋ, ಮೂರು ಸ್ಪೆಲ್ಲಿಂಗ್ ಇಲ್ಲದ ಲೆಕ್ಕ. ಅಂಥ ಲೆಕ್ಕ ಭೂಮಿ ಮೇಲೆ ಎಲ್ಲೂ ಇಲ್ಲ ಅಲ್ವಾ?

ನನಗೆ ಜಾಸ್ತಿ ಹೊಟ್ಟೆ ಉರಿಸಿದ್ದು ಮೂರನೆಯದು, ರೆಕಾರ್ಡಿಂಗ್ ಟೂಲ್. ಬಳಸುವವರು ಮೌಸ್ ಎಲ್ಲಿ ಓಡಿಸಿದರು, ಏನು ಒತ್ತಿದರು, ಎಲ್ಲಿ ಎಷ್ಟು ಹೊತ್ತು ನಿಂತರು ಎಂಬುದನ್ನೆಲ್ಲ ವಿಡಿಯೋ ಥರ ಆಮೇಲೆ ತೋರಿಸುತ್ತದೆ. ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ಗಿರಾಕಿಗಳ ಗುಟ್ಟು ಹೊರಬೀಳದಿರಲಿ ಎಂದು ಅದು ಅಂಕಿಗಳನ್ನು ತಾನೇ ಮುಚ್ಚಿಬಿಡುತ್ತದೆ. ಸರಿಯಾದದ್ದೇ, ಅವರ ಲೆಕ್ಕ ನಾವು ನೋಡಲೂಬಾರದು. ಆದರೆ ನಮ್ಮ ಸಾಫ್ಟ್‌ವೇರಿನಲ್ಲಿ ಅಂಕಿ ಬಿಟ್ಟರೆ ಇನ್ನೇನಿದೆ? ಪಾರ್ಟಿ ಹೆಸರುಗಳನ್ನು ನಾವೇ ಮುಚ್ಚಿದ್ದೆವು. ಉಳಿದದ್ದು ಇಡೀ ಸ್ಕ್ರೀನ್ ಚುಕ್ಕಿ. ರಂಗೋಲಿಗೆ ಚುಕ್ಕಿ ಇಟ್ಟು ಗೆರೆ ಎಳೆಯೋದು ಮರೆತು ಒಳಗೆ ಹೋದ ಹಾಗೆ.

ಆ ಚುಕ್ಕಿಗಳ ಮೇಲೆ ಮೌಸಿನ ಬಾಣ ಒಂದೇ ಓಡಾಡುತ್ತದೆ. ಏಜಿಂಗ್ ರಿಪೋರ್ಟ್‌ನಲ್ಲಿ ಅದು ಒಂದು ಸಾಲಿಗೆ ಬಂದು ನಿಲ್ಲುತ್ತದೆ, ಏಳೆಂಟು ಸೆಕೆಂಡ್ ಅಲ್ಲಾಡುವುದಿಲ್ಲ, ಆಮೇಲೆ ಕೆಳಗಿನ ಸಾಲಿಗೆ ಇಳಿಯುತ್ತದೆ, ಆಗಾಗ ಎರಡು ಸಾಲು ಮೇಲೆ ಹತ್ತುತ್ತದೆ. ಕೆಲವರದ್ದು 40 ನಿಮಿಷ ಹೀಗೇ. ಇಂಥ ಮೂವತ್ತು ವಿಡಿಯೋ ನೋಡಿ ನಾವು ಮೂವರು ಪಂಡಿತರು ಕಂಡುಹಿಡಿದದ್ದು ಇಷ್ಟು: ಪಾಪ, ಯಾವುದೋ ಪಾರ್ಟಿ ಹುಡುಕುತ್ತಿದ್ದಾರೆ, ಸಿಗುತ್ತಿಲ್ಲ. ಹಾಗಾದರೆ ಹುಡುಕುವ ಪೆಟ್ಟಿಗೆ ದೊಡ್ಡದು ಮಾಡೋಣ, ಪಕ್ಕದಲ್ಲಿ ಫಿಲ್ಟರ್ ಇಡೋಣ, 200 ಸಾಲಿನ ಪುಟ ನೋಡಿಯೇ ತಲೆ ತಿರುಗುತ್ತೆ, ಒಂದು ಪುಟಕ್ಕೆ 20 ಸಾಲು ಸಾಕು. ಮೂರು ವಾರ ಅದಕ್ಕೇ ಹೋಯಿತು. ಹೊಸದು ಬಿಟ್ಟ ಎರಡನೇ ದಿನದಿಂದ ಫೋನ್ ಶುರು, ಹಳೇದೇ ವಾಪಸ್ ಕೊಡಿ ಎಂದು. ಯಾಕೆ ಮೇಡಂ ಎಂದರೆ, ‘ಗೊತ್ತಿಲ್ಲ ಸರ್, ಇದರಲ್ಲಿ ಕೆಲಸ ಸಾಗಲ್ಲ.’

ಆಗ ಸೋತು, ಗ್ರೀನ್ ಲೈನ್ ಮೆಟ್ರೋ ಹಿಡಿದು ಪೀಣ್ಯಕ್ಕೆ ಹೋದೆ. ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿ, ಮೆಟ್ಟಿಲ ಕೆಳಗಿನ ಸಣ್ಣ ರೂಮಿನಲ್ಲಿ ಅಕೌಂಟ್ಸ್. ಮೇಡಂ ಅಲ್ಲಿ ಹದಿನಾರು ವರ್ಷದಿಂದ ಇದ್ದಾರೆ. ನಾನು ಸ್ಟೂಲ್ ಮೇಲೆ ಕೂತೆ. ಅವರು ಹಿಂದಿನ ತಿಂಗಳ ಪ್ರಿಂಟನ್ನು ತೊಡೆ ಮೇಲೆ ಇಟ್ಟುಕೊಂಡರು, ಕೆಂಪು ಪೆನ್ಸಿಲ್ ತೆಗೆದರು, ಒಂದೊಂದೇ ಪಾರ್ಟಿಯ ಬಾಕಿಯನ್ನು ಕಾಗದದಲ್ಲಿ ನೋಡಿ, ಸ್ಕ್ರೀನಿನಲ್ಲಿ ನೋಡಿ, ಟಿಕ್ ಹೊಡೆಯುತ್ತಾ ಹೋದರು. ಮೌಸಿನ ಬಾಣ ಅವರಿಗೆ ಸ್ಕೇಲು. ಕಣ್ಣು ಕಾಗದದ ಕಡೆ ಹೋದಾಗ ಸಾಲು ತಪ್ಪದಿರಲಿ ಎಂದು ಅದನ್ನು ಸಾಲಿನ ಕೆಳಗೆ ನಿಲ್ಲಿಸಿರುತ್ತಾರೆ. 20 ಸಾಲಿಗೊಮ್ಮೆ ಪುಟ ತಿರುಗಿದರೆ ಸ್ಕೇಲ್ ಜಾರಿದಂತೆ. ನೀವು ಪಾರ್ಟಿ ಹುಡುಕುತ್ತಿದ್ದೀರಿ ಅಂದುಕೊಂಡಿದ್ದೆವು ಎಂದೆ. ‘ಹುಡುಕೋಕೇನಿದೆ ಸರ್, ನಮ್ಮ ಪಾರ್ಟಿಗಳು ನಮಗೆ ಬಾಯಿಪಾಠ’ ಎಂದರು.

ಐದಕ್ಕೆ ನಾಲ್ಕು ಕೊಟ್ಟಿದ್ದ ಎಕ್ಸೆಲ್ ಕಥೆಯೂ ಅಲ್ಲೇ ತಿಳಿಯಿತು. ಮೊತ್ತದ ಪಕ್ಕ ಎಕ್ಸೆಲ್‌ನ ಅದೇ ಚೌಕದಲ್ಲಿ ನಾವು ಡೆಬಿಟ್, ಕ್ರೆಡಿಟ್ ಗುರುತನ್ನೂ ಸೇರಿಸಿ ಕಳಿಸುತ್ತಿದ್ದೆವು, ಎಕ್ಸೆಲ್ ಅದನ್ನು ಅಂಕಿ ಎಂದೇ ಒಪ್ಪುತ್ತಿರಲಿಲ್ಲ, ಕೂಡಿಸಿದರೆ ಸೊನ್ನೆ. ಮೇಡಂ ಪ್ರತಿ ಸಲ ಆ ಗುರುತನ್ನು ಹುಡುಕಿ ಅಳಿಸಿ ಆಮೇಲೆ ಕೂಡಿಸುತ್ತಿದ್ದರು. ಫಾರಂನಲ್ಲಿ ಯಾಕೆ ಬರೆಯಲಿಲ್ಲ ಎಂದರೆ, ‘ಎಲ್ಲಾ ಸಾಫ್ಟ್‌ವೇರೂ ಹಂಗೇ ಅಲ್ವಾ ಸರ್’ ಎಂದುಬಿಟ್ಟರು.

ಇನ್ನೊಂದು ಇದಕ್ಕಿಂತ ದೊಡ್ಡದು. ಅವರ ಡೆಸ್ಕ್‌ಟಾಪ್ ಮೇಲೆ ‘45’ ಎಂಬ ಹೆಸರಿನ ಒಂದು ಎಕ್ಸೆಲ್ ಫೈಲ್ ಇತ್ತು. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ನಿಯಮ ಸೇರಿತಲ್ಲ, ಅದರ ಫೈಲ್. ಕಿರು, ಸಣ್ಣ ಉದ್ದಿಮೆಗಳಿಂದ ಕೊಂಡದ್ದಕ್ಕೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯಲು ಆಗುವುದಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. ನಮ್ಮ ರಿಪೋರ್ಟ್‌ನಲ್ಲಿ ಇದ್ದದ್ದು 30, 60, 90 ದಿನದ ಕಾಲಂ. 90 ದಿನ ಮೀರಿದ ವಸೂಲಿ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಡ್ರಾಯಿಂಗ್ ಪವರ್ (ಸಾಲದ ಖಾತೆಯಿಂದ ಎಷ್ಟು ತೆಗೆಯಬಹುದು ಎಂಬ ಮಿತಿ) ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೆ ಮಾಡಿದ ಕಾಲಂಗಳು. ಕೊಡಬೇಕಾದ ಬಾಕಿಗೂ ನಾವು ಅದನ್ನೇ ಅಂಟಿಸಿದ್ದೆವು. 45ನೇ ದಿನ ಎರಡನೇ ಕಾಲಂನ ಹೊಟ್ಟೆಯಲ್ಲಿ ಮುಚ್ಚಿಹೋಗಿತ್ತು. ರೆಕಾರ್ಡಿಂಗ್‌ನಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಆ ಕೆಲಸ ನಡೆಯುತ್ತಿದ್ದದ್ದು ನಮ್ಮ ಸಾಫ್ಟ್‌ವೇರಿನ ಹೊರಗೆ.

ಖರ್ಚಿನ ಮಾತು. ಫಾರಂ ಸೊನ್ನೆ, ಕಾಲ್ 3,000, ರೆಕಾರ್ಡಿಂಗ್‌ಗೆ ಎರಡು ತಿಂಗಳ ಚಂದಾ ಮತ್ತು ವ್ಯರ್ಥವಾದ ಮೂರು ವಾರದ ಸಂಬಳ. ಐದು ಸಲ ಸ್ಟೂಲ್ ಮೇಲೆ ಕೂತದ್ದಕ್ಕೆ ಮೆಟ್ರೋ, ಆಟೋ, ಒಂದೊಂದು ಕಡೆ ಅರ್ಧ ಕೆಜಿ ಸ್ವೀಟು ಸೇರಿ 2,000 ದಾಟಲಿಲ್ಲ.

ಇದರಲ್ಲಿ ತೊಂದರೆ ಇಲ್ಲವೆಂದಲ್ಲ. ಒಳಗೆ ಬಿಟ್ಟುಕೊಳ್ಳಲು ಮಾಲೀಕರು ಒಪ್ಪಬೇಕು, ಅಂಕಿ ಬರೆದುಕೊಳ್ಳುವುದಿಲ್ಲ, ಫೋಟೋ ತೆಗೆಯುವುದಿಲ್ಲ ಎಂದು ಸಹಿ ಹಾಕಿಕೊಟ್ಟೆ. ದಿನಕ್ಕೆ ಒಂದೇ ಜಾಗ ಆಗುತ್ತದೆ. ಹೋಗುವ ದಿನವನ್ನೂ ನೋಡಿಕೊಳ್ಳಬೇಕು. ತಿಂಗಳು ತಿಂಗಳು 7ಕ್ಕೆ ಟಿಡಿಎಸ್ ತೆರಿಗೆ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಎಂಬ ಮಾರಾಟದ ಜಿಎಸ್‌ಟಿ ರಿಟರ್ನ್, 15ಕ್ಕೆ ನೌಕರರ ಪಿಎಫ್ ಇಎಸ್‌ಐ, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ ರಿಟರ್ನ್. ಈ ದಿನಗಳ ಹತ್ತಿರ ಹೋದರೆ ಕಾಫಿ ಕೂಡ ಸಿಗಲ್ಲ. ನಾನು 22ರಿಂದ 28ರ ನಡುವೆ ಹೋಗುತ್ತೇನೆ.

ನನಗೆ ಆಫೀಸಿನಲ್ಲಿ ಕೂತು ಗ್ರಾಫ್ ನೋಡುವ ತಾಳ್ಮೆ ಇಲ್ಲ, ಗಿರಾಕಿಗಳೆಲ್ಲ ಮೆಟ್ರೋ ಹಿಡಿದರೆ ಸಿಗುವಷ್ಟು ಹತ್ತಿರದಲ್ಲೇ ಇದ್ದಾರೆ, ಹಾಗಾಗಿ ಇದು ಹೊಂದಿತು. ನಿಮ್ಮವರು ಬೇರೆ ಊರಿನಲ್ಲಿದ್ದರೆ ಕಾಲ್ ಮಾಡಿ, ಆದರೆ ಮಾಲೀಕರಿಲ್ಲದ ಹೊತ್ತಲ್ಲಿ, ಅವರದೇ ಲೆಕ್ಕದ ಮೇಲೆ. ಫಾರಂ ನಾನು ಬಿಟ್ಟಿಲ್ಲ. ಈಗ ಅದನ್ನು ಎಣಿಸೋಕೆ ಮಾತ್ರ ಬಳಸುತ್ತೇನೆ. ‘45 ದಿನಕ್ಕೆ ಬೇರೆ ಫೈಲ್ ಇಟ್ಟಿದ್ದೀರಾ?’ ಎಂದು ಒಂದೇ ಪ್ರಶ್ನೆ ಕಳಿಸಿದಾಗ ಮೊದಲಿಗಿಂತ ಜಾಸ್ತಿ ಉತ್ತರ ಬಂತು.

200 ಸಾಲಿನ ಪುಟ ವಾಪಸ್ ಬಂದಿದೆ. ಬಾಣ ನಿಂತ ಸಾಲು ತೆಳು ಹಳದಿ ಆಗುತ್ತದೆ, ಪಕ್ಕದಲ್ಲಿ ಟಿಕ್ ಹೊಡೆಯಲು ಒಂದು ಕಾಲಂ ಕೊಟ್ಟಿದ್ದೇವೆ. ಪೀಣ್ಯದ ಮೇಡಂ ಸ್ಕ್ರೀನಿನಲ್ಲೂ ಟಿಕ್ ಹೊಡೆಯುತ್ತಾರೆ, ಕಾಗದದ ಮೇಲೆ ಕೆಂಪು ಪೆನ್ಸಿಲಿನಲ್ಲೂ ಹೊಡೆಯುತ್ತಾರೆ. ಎರಡೆರಡು ಸಲ ಯಾಕೆ ಎಂದು ನೋಡಲು ಈ ತಿಂಗಳ 23ಕ್ಕೆ ಮತ್ತೆ ಹೋಗುತ್ತಿದ್ದೇನೆ.